ಶಿವಕಾಂತಮ್ಮ ಎಸೆದ ನೂರು ಎಂಬಿ

ಶಹಾಬಾದದಲ್ಲಿ ಮೇ ತಿಂಗಳ ಬಿಸಿಲು ನಲವತ್ನಾಲ್ಕು ಡಿಗ್ರಿ ಮುಟ್ಟಿದರೆ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅದೇ ಊರಿನ ವಾಡಿ ರಸ್ತೆಯ ಒಂದು ಕಲ್ಲಿನ ಶೆಡ್ಡಿನಲ್ಲಿ ಶಿವಕಾಂತಮ್ಮನ ಸಿಟ್ಟು ವರ್ಷದ ಹನ್ನೆರಡೂ ತಿಂಗಳು ಅದಕ್ಕಿಂತ ಮೇಲಿನ ಅಂಕಿಯಲ್ಲಿ ನಿಂತಿದ್ದರೂ ಇಂದಿನವರೆಗೆ ಒಂದು ಸಾಲು ಸುದ್ದಿ ಬಂದಿಲ್ಲ. ಇಷ್ಟು ದೊಡ್ಡ ಪ್ರಾದೇಶಿಕ ಸಂಪತ್ತನ್ನು ಹೀಗೆ ಕಡೆಗಣಿಸಬಾರದು.

ಆಕೆಗೆ ಐವತ್ನಾಲ್ಕು ವರ್ಷ. ಚಿಂಚೋಳಿ ತಾಲೂಕಿನ ಕೊಡ್ಲಿಯ ರೈತರ ಮಗಳು. ಮದುವೆಯಾಗಿ ಬಂದದ್ದು ಅಮೃತಪ್ಪನ ಮನೆಗೆ. ಅಮೃತಪ್ಪ ಕಲ್ಲಿನ ಮೇಲೆ ಉಳಿಯಿಂದ ಅಕ್ಷರ ಕಡೆಯುವವನು. ಸೇಡಂನಿಂದ ಚಿತ್ತಾಪುರದವರೆಗೆ ಶಾಲೆಯ ಬಾಗಿಲು, ಬಾವಿಯ ಕಟ್ಟೆ, ಗೋರಿಯ ತಲೆಗಲ್ಲು, ಎಲ್ಲೆಲ್ಲಿ ಅಕ್ಷರ ದುಂಡಗೆ, ಹೊಟ್ಟೆ ತುಂಬ ಉಂಡವರ ಹಾಗೆ ಕುಳಿತಿದೆಯೋ ಅಲ್ಲೆಲ್ಲ ಅದು ಅಮೃತಪ್ಪನ ಕೈ. ಆ ಕೈ ಹದಿನೈದು ವರ್ಷದ ಹಿಂದೆ ನಡುಗತೊಡಗಿತು. ಡಾಕ್ಟರು ಗುಳಿಗೆ ಕೊಟ್ಟರು, ಗಿರಾಕಿಗಳು ಫ್ಲೆಕ್ಸ್ ಬೋರ್ಡಿನ ಕಡೆ ಹೋದರು. ಅಮೃತಪ್ಪ ಸುಮ್ಮನೆ ಕುಳಿತ. ಶಿವಕಾಂತಮ್ಮ ಸಿಟ್ಟಿಗೆದ್ದಳು.

ಸಿಟ್ಟಿಗೆದ್ದು ಆಕೆ ಮಾಡಿದ ಮೊದಲ ಕೆಲಸವೆಂದರೆ ಕಂಪ್ಯೂಟರಿನಿಂದ ನಡೆಯುವ ಕೆತ್ತನೆ ಯಂತ್ರವೊಂದನ್ನು ತರಿಸಿದ್ದು. ಯಂತ್ರದ ಜೊತೆ ಬಂದ ಎಂಜಿನಿಯರು ಶೆಡ್ಡಿನಲ್ಲಿ ಒಂದು ಸುತ್ತು ಕಣ್ಣಾಡಿಸಿ, "ಅಮ್ಮಾ, ಮನ್ಯಾಗ ಗಂಡಸ್ರು ಯಾರರ ಕಲಿಯೋರು ಇದ್ರ ಕರೀರಿ" ಅಂದ. ಅವನು ವಾಪಸು ಹೋಗುವಾಗ ಅವನ ಕಿವಿ ಕೆಂಪಾಗಿತ್ತು, ಮತ್ತು ಶಿವಕಾಂತಮ್ಮ ಕಂಪ್ಯೂಟರ್ ಕಲಿತಿದ್ದಳು. ಮಧ್ಯೆ ಮೂರು ದಿನ ಹಿಡಿಯಿತು ಅಷ್ಟೆ.

ಯಂತ್ರದ ಜೊತೆ ಬಂದ ಕನ್ನಡ ಅಕ್ಷರಗಳನ್ನು ನೋಡಿ ಆಕೆಗೆ ಎರಡನೆಯ ಸಲ ಸಿಟ್ಟು ಬಂತು. ಅವು ಉಪವಾಸ ಬಿದ್ದವರ ಅಕ್ಷರಗಳು. ಆಗ ಆಕೆ ಬಿಳಿ ಹಾಳೆ, ಇದ್ದಿಲು ಕಟ್ಟಿಕೊಂಡು ದಂಡಯಾತ್ರೆ ಹೊರಟಳು. ಗಂಡ ಕಡೆದ ಕಲ್ಲು ಎಲ್ಲಿದೆಯೋ ಅಲ್ಲಿ ಹಾಳೆ ಹೊದಿಸಿ ಇದ್ದಿಲು ತಿಕ್ಕಿ ಅಕ್ಷರ ಎತ್ತಿದಳು. ಸೇಡಂನಲ್ಲಿ 'ಕ', ಚಿತ್ತಾಪುರದ ಬಾವಿಯಲ್ಲಿ 'ಣ', ಕುಂಚಾವರಂನ ಕಾಡಿನಂಚಿನ ಶಾಲೆಯೊಂದರಲ್ಲಿ 'ಳ'. ಹೀಗೆ ಐದು ಊರುಗಳನ್ನು ಗೆದ್ದು ಬಂದು, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಮೌಸ್ ಹಿಡಿದು ಅಂಚು ತಿದ್ದಿ ತಿದ್ದಿ, ನಾಲ್ಕು ವರ್ಷದಲ್ಲಿ ಇಡೀ ವರ್ಣಮಾಲೆಯನ್ನು ಯಂತ್ರದ ತಂತ್ರಾಂಶದೊಳಗೆ ಕೂಡಿಸಿದಳು. ಅಮೃತಪ್ಪನ ಕೈ ನಡುಗುತ್ತಲೇ ಇತ್ತು. ಅವನ ಅಕ್ಷರ ನಡುಗುವುದನ್ನು ಬಿಟ್ಟಿತು.

ಒಂದು ತೊಂದರೆ ಇತ್ತು. ಆ ತಂತ್ರಾಂಶ ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಅದನ್ನು ಮತ್ತೆ ಹಾಕಲು ಸಿಡಿ ಇಲ್ಲ, ಕೇಳಲು ಫೋನ್ ನಂಬರ್ ಇಲ್ಲ. ಅಕ್ಷರಗಳನ್ನು ಹೊರಗೆ ತೆಗೆಯುವ ದಾರಿಯನ್ನೂ ಅವರು ಇಟ್ಟಿರಲಿಲ್ಲ. ಆ ವರ್ಣಮಾಲೆ ಇಡೀ ಭೂಮಂಡಲದಲ್ಲಿ ಇದ್ದದ್ದು ಒಂದೇ ಕಡೆ: ಶಿವಕಾಂತಮ್ಮನ ಕಂಪ್ಯೂಟರಿನ ವಿಂಡೋಸಿನೊಳಗೆ. ವಿಂಡೋಸ್ ಅಳಿಸಿದರೆ ಅದೂ ಅಳಿಯುತ್ತದೆ.

ಆದ್ದರಿಂದ ಆಕೆ ಪ್ರತಿ ಅಮಾವಾಸ್ಯೆಗೆ ಬ್ಯಾಕಪ್ ತೆಗೆಯುತ್ತಿದ್ದಳು. ನಮ್ಮ ಕಡೆ ಅಮಾವಾಸ್ಯೆಯೆಂದರೆ ಯಂತ್ರ ನಿಲ್ಲಿಸಿ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆಯುವ ದಿನ. ಲಾರಿಗೆ, ಮೋಟಾರಿಗೆ, ತಕ್ಕಡಿಗೆ ನಡೆಯುವ ಪೂಜೆಯಲ್ಲಿ ಆಕೆ ಕಂಪ್ಯೂಟರಿಗೆ ಹೊರಗಿನಿಂದ ಚುಚ್ಚುವ ಒಂದು ಹೊರಡಿಸ್ಕನ್ನೂ ಸೇರಿಸಿದ್ದಳು. ಯಂತ್ರ ನಿಂತಿರುತ್ತದೆ, ಕೆಲಸವಿರುವುದಿಲ್ಲ, ಡಿಸ್ಕು ಚುಚ್ಚಿ ಇಡೀ ವ್ಯವಸ್ಥೆಯ ನಕಲು ಇಳಿಸಿ, ಡಿಸ್ಕಿಗೂ ಒಂದು ಬೊಟ್ಟು. ಆರು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ತಪ್ಪಿರಲಿಲ್ಲ.

ಆದರೆ ಕಲ್ಲಿನವರು ಮಾತ್ರ ಮಾಡಬಹುದಾದ ಒಂದು ತಪ್ಪನ್ನು ಆಕೆ ಮೊದಲ ದಿನವೇ ಮಾಡಿದ್ದಳು. ನಮ್ಮ ಕಲ್ಲು ಪದರ ಪದರವಾಗಿ ಏಳುವ ಕಲ್ಲು. ಗಣಿಯಲ್ಲಿ ಮೇಲಿನ ತೆಳ್ಳನೆಯ ಪದರಕ್ಕೆ ಸಿಪ್ಪೆ ಅನ್ನುತ್ತಾರೆ. ಅದು ಕೈಗೆ ಬಂದರೆ ಪುಡಿಯಾಗುತ್ತದೆ, ಅದನ್ನು ಕಿತ್ತೆಸೆದು ಕೆಳಗಿನ ಗಟ್ಟಿ ಹಾಸನ್ನು ಎತ್ತುತ್ತಾರೆ. ಬ್ಯಾಕಪ್ಪಿನ ಪರದೆಯ ಮೇಲೆ ಡಿಸ್ಕಿನ ಎರಡು ಭಾಗ ಕಂಡವು. ಎಡಗಡೆ ಹೆಸರೇ ಇಲ್ಲದ, ನೂರು ಎಂಬಿಯ ಒಂದು ತುಣುಕು, ಅದರ ಪಕ್ಕ ದೊಡ್ಡ 'ಸಿ'. "ಇದು ಸಿಪ್ಪಿ" ಎಂದು ತೀರ್ಮಾನಿಸಿ ಆಕೆ ನೂರು ಎಂಬಿಯ ಮುಂದಿನ ಗುರುತು ತೆಗೆದಳು. ಎಪ್ಪತ್ತಕ್ಕೂ ಹೆಚ್ಚು ಅಮಾವಾಸ್ಯೆ, ಕಾಯಿ ಒಡೆದು, ಕುಂಕುಮ ಹಚ್ಚಿ, ಅದೇ ತುಣುಕನ್ನು ಶ್ರದ್ಧೆಯಿಂದ ಎಸೆದಳು.

ಈ ವರ್ಷ ಬುದ್ಧ ಪೂರ್ಣಿಮೆಗೆ ಎರಡು ವಾರ ಇರುವಾಗ ವಾಡಿಯಿಂದ ಭೀಮಶ್ಯಾ ಬಂದ. ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ಅವರ ಓಣಿಯಲ್ಲಿ ಹೊಸ ಬುದ್ಧವಿಹಾರ ಕಟ್ಟಿದ್ದರು. ಅದರ ಗೋಡೆಗೆ ಬೇಕಾದ ಕಲ್ಲನ್ನು ಗಣಿಯಿಂದ ತಲೆಯ ಮೇಲೆ ಹೊತ್ತು ತಂದವರು ಓಣಿಯ ನಲವತ್ತೊಂದು ಹೆಂಗಸರು, ಅದೂ ತಮ್ಮ ವಾರದ ರಜೆಯ ದಿನಗಳಲ್ಲಿ. ಆ ನಲವತ್ತೊಂದು ಹೆಸರು ಒಂದೇ ಹಾಸುಗಲ್ಲಿನ ಮೇಲೆ ಬರಬೇಕು, ಪೂರ್ಣಿಮೆಯ ಹಿಂದಿನ ದಿನ ಶನಿವಾರ ಗೋಡೆಗೆ ಕೂಡಬೇಕು.

"ನಮ್ಮ ಕಮಿಟಿ ಕಾರ್ಯದರ್ಶಿ ಸುರೇಶಕುಮಾರಗ ಇದು ಪಸಂದ ಇಲ್ಲವ್ವಾ" ಎಂದ ಭೀಮಶ್ಯಾ. "ಅಂವ ಆಗಲೇ ಒಂದು ಕರೀ ಗ್ರಾನೈಟ್ ರೆಡಿ ಮಾಡಿಸಿ ಇಟ್ಟಾನ. ಎಂಟು ಮಂದಿ ದೊಡ್ಡವರ ಹೆಸರು. ಶನಿವಾರ ಸಂಜಿತನ ನಮ್ಮ ಕಲ್ಲು ಬರಲಿಲ್ಲಂದ್ರ ಅದನ್ನೇ ಕೂಡಸ್ತಾನಂತ ಮೀಟಿಂಗಿನ್ಯಾಗ ಬರಸ್ಯಾನ."

"ಆ ಎಂಟು ಮಂದಿ ಎಷ್ಟು ಕಲ್ಲು ಹೊತ್ತಾರ?"

"ಒಬ್ಬರು ಕುರ್ಚಿಯಿಂದ ಎದ್ದಾರ."

ಶಿವಕಾಂತಮ್ಮ ಹೆಸರಿನ ಪಟ್ಟಿಯನ್ನು ಅವನ ಕೈಯಿಂದ ಕಸಿದುಕೊಂಡಳು. ಒಪ್ಪಿಗೆ ಎಂಬುದನ್ನು ಆಕೆ ಹಾಗೆಯೇ ಹೇಳುವುದು.

ಸರಿಯಾದ ಹಾಸು ಸಿಗಲು ಒಂದು ವಾರ ಹೋಯಿತು. ಗಣಿಯಿಂದ ಬಂದ ಮೂರು ಹಾಸನ್ನು ಬೈದು ವಾಪಸು ಕಳಿಸಿ ನಾಲ್ಕನೆಯದನ್ನು ಬೈದು ಇಟ್ಟುಕೊಂಡಳು. ಸೋಮವಾರ ಬೆಳಿಗ್ಗೆ ಖಾಜಾಮಿಯಾ ಅದಕ್ಕೆ ಪಾಲಿಶ್ ಹಿಡಿದ. ಇವನು ಇಪ್ಪತ್ತು ವರ್ಷದಿಂದ ಆ ಶೆಡ್ಡಿನಲ್ಲಿದ್ದವನು, ಇಪ್ಪತ್ತು ವರ್ಷದಿಂದ ಬೈಸಿಕೊಂಡವನು, ಈಗ ಬೈಗುಳವಿಲ್ಲದಿದ್ದರೆ ಊಟ ಸೇರದವನು. ಪಾಲಿಶಿಗೆ ನೀರು ಬೇಕು. ನೀರಿನ ಪೈಪು ಕಲ್ಲಿನ ಕೆಸರಿನಲ್ಲಿ ಜಾರಿತು, ಹಾವಿನ ಹಾಗೆ ಹೆಡೆ ಎತ್ತಿತು, ಮೂಲೆಯಲ್ಲಿದ್ದ ಕಂಪ್ಯೂಟರಿನ ಡಬ್ಬಿಗೆ ನೇರವಾಗಿ ಉಗುಳಿತು. ಒಂದು ಸಿಡಿತ, ಒಂದು ಎಳೆ ಹೊಗೆ. ಬೋರ್ಡೂ ಹೋಯಿತು, ಒಳಗಿನ ಡಿಸ್ಕೂ ಹೋಯಿತು.

ಖಾಜಾಮಿಯಾ ಪೈಪನ್ನು ಕೆಳಗಿಟ್ಟು ಕೈಕಟ್ಟಿ ನಿಂತ. "ಬಾಯೀ, ಬೈರಿ."

"ಈಗ ಟೈಮಿಲ್ಲ. ನಾಳಿಗಿ ಬೈತೀನಿ."

ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಮಂಗಳವಾರ ಮಧ್ಯಾಹ್ನದೊಳಗೆ ಕಲಬುರಗಿಯಿಂದ ಹೊಸ ಕಂಪ್ಯೂಟರ್ ಬಂತು. ಅಂಗಡಿಯ ರಮೇಶಕುಮಾರ ತಾನೇ ಜೀಪಿನಲ್ಲಿ ತಂದು, ಮೇಜಿನ ಮೇಲಿಟ್ಟು, ವಿಂಡೋಸ್ ಏಳುವುದನ್ನು ತೋರಿಸಿ ಹೋದ. ಶಿವಕಾಂತಮ್ಮ ಅವನು ಹೋದದ್ದೇ ಬ್ಯಾಕಪ್ ತಂತ್ರಾಂಶವಿದ್ದ ಪೆನ್‌ಡ್ರೈವ್ ಚುಚ್ಚಿ, ಹೊರಡಿಸ್ಕು ಚುಚ್ಚಿ, ಹೊಸ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಒರೆಸಿ ತನ್ನ ಹಳೆಯ 'ಸಿ'ಯನ್ನು ಅದರ ಮೇಲೆ ಇಳಿಸಿದಳು. ಹಸಿರು ಪಟ್ಟಿ ನೂರಕ್ಕೆ ಮುಟ್ಟಿತು. ಎಲ್ಲ ಕಿತ್ತು, ಕಂಪ್ಯೂಟರನ್ನು ಮತ್ತೆ ಎಬ್ಬಿಸಿದಳು.

ಕಪ್ಪು ಪರದೆ. ಅದರ ಮೇಲೆ ಬಿಳಿ ಇಂಗ್ಲಿಷಿನಲ್ಲಿ ಒಂದು ಸಾಲು: ಎಬ್ಬಿಸಲು ಯೋಗ್ಯವಾದ ಡಿಸ್ಕು ಯಾವುದೂ ಇಲ್ಲ.

"ಯೋಗ್ಯ ಇಲ್ಲಂತ" ಎಂದಳು ಶಿವಕಾಂತಮ್ಮ ಮೆಲ್ಲಗೆ. "ನಿನ್ನೆ ಹುಟ್ಟಿದ ಡಬ್ಬಿ ನನಗ ಯೋಗ್ಯತಾ ಹೇಳ್ಲಿಕತ್ತದ."

ಎರಡನೆಯ ಸಲ ಇಳಿಸಿದಳು. ಅದೇ ಸಾಲು. ಮೂರನೆಯ ಸಲ. ಅದೇ ಸಾಲು. ಅಷ್ಟು ಹೊತ್ತಿಗೆ ಅಮೃತಪ್ಪ ತನ್ನ ಸ್ಟೂಲನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡಿದ್ದ.

ಬುಧವಾರ ರಮೇಶಕುಮಾರ ಮತ್ತೆ ಬಂದ. ಬಂದವನು ಕುಳಿತುಕೊಳ್ಳುವ ಮೊದಲೇ ತೀರ್ಪು ಕೊಟ್ಟ: "ಫಾರ್ಮ್ಯಾಟ್ ಹೊಡಿಬೇಕ್ರಿ."

ಈ ನಾಡಿನಲ್ಲಿ ಫಾರ್ಮ್ಯಾಟ್ ಹೊಡೆಯುವವರ ಒಂದು ಪಂಥವೇ ಇದೆ. ಪ್ರಿಂಟರ್ ಓಡದಿದ್ದರೆ ಫಾರ್ಮ್ಯಾಟ್, ಮೌಸ್ ಸಿಕ್ಕಿಕೊಂಡರೆ ಫಾರ್ಮ್ಯಾಟ್, ಗಿರಾಕಿ ಹೆಚ್ಚು ಪ್ರಶ್ನೆ ಕೇಳಿದರೂ ಫಾರ್ಮ್ಯಾಟ್. ಕೆಮ್ಮು ಬಂದವನ ತಲೆ ಕಡಿದು, ನೋಡಿ ಈಗ ಕೆಮ್ಮು ನಿಂತಿತು ಅನ್ನುವ ವೈದ್ಯರು ಇವರು. ರಮೇಶಕುಮಾರ ಆ ಪಂಥದ ಜಿಲ್ಲಾ ಮಟ್ಟದ ಮುಖ್ಯಸ್ಥ.

"ಫಾರ್ಮ್ಯಾಟ್ ಹೊಡದ್ರ ನನ್ನ ಅಕ್ಷರ?"

"ಹೊಸವು ಹಾಕ್ತೀನಿ. ನೂರಾ ಎಂಟು ಫಾಂಟ್ ಫ್ರೀ ಅದಾವ."

"ನಿನ್ನ ಅವ್ವನ ಬದಲಿ ನೂರಾ ಎಂಟು ಹೆಂಗಸ್ರನ್ನ ಫ್ರೀ ಕೊಡ್ತೀನಿ, ಬಿಟ್ಟುಬಿಡ್ತಿ?"

ರಮೇಶಕುಮಾರ ಕೆಮ್ಮಿ, ಪರದೆಯ ಕಡೆ ತಿರುಗಿ, ಬ್ಯಾಕಪ್ಪನ್ನು ತೆರೆದು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಅರಳಿತು. "ಅಕ್ಕೋರೆ, ಇದ್ರಾಗ ಬರೇ 'ಸಿ' ಅದ. ಮುಂದಿನ ಸಣ್ಣ ಭಾಗ ಎಲ್ಲಿ?"

"ಯಾವ ಭಾಗ?"

"ನೂರು ಎಂಬಿದು. ಅದರಾಗೇ ಬೂಟ್ ಇರ್ತದ, ಅಂದ್ರ ವಿಂಡೋಸನ್ನ ಎಬ್ಬಸೋ ಸಾಮಾನು. ಅದನ್ನ ನೀವು ತೊಗೊಂಡೇ ಇಲ್ಲ!" ಅವನು ಖಾಜಾಮಿಯಾನ ಕಡೆ, ಅಮೃತಪ್ಪನ ಕಡೆ, ಬಾಗಿಲಲ್ಲಿ ನಿಂತಿದ್ದ ನಾಯಿಯ ಕಡೆ ತಿರುಗಿ ನಕ್ಕ. "ಆರು ವರ್ಷ ಬಾಯಾರು ತಲಿ ಇಲ್ಲದ ಹೆಣಕ್ಕ ಕುಂಕುಮ ಹಚ್ಚ್ಯಾರ. ಇನ್ನ ಏನೂ ಆಗಂಗಿಲ್ಲ. ಫಾರ್ಮ್ಯಾಟ್ ಹೊಡಿಬೇಕಂದ್ರ ಫೋನ್ ಮಾಡ್ರಿ."

ಅವನು ಹೋದ. ಶೆಡ್ಡಿನಲ್ಲಿದ್ದವರು ಸಿಡಿಲಿಗೆ ಕಾದರು. ಸಿಡಿಲು ಬರಲಿಲ್ಲ. ಶಿವಕಾಂತಮ್ಮ ಕುರ್ಚಿಯಲ್ಲಿ ಕುಳಿತು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಗೋಡೆ ನೋಡುತ್ತಿದ್ದಳು. ಬೇರೆಯವರ ತಪ್ಪಿಗೆ ಉರಿಯುವುದು ಆಕೆಗೆ ಉಸಿರಾಟದಷ್ಟು ಸಲೀಸು. ತನ್ನ ತಪ್ಪಿಗೆ ಹೇಗೆ ಉರಿಯಬೇಕೆಂಬುದು ಗೊತ್ತಿರಲಿಲ್ಲ. ಖಾಜಾಮಿಯಾ ಹೆದರಿ ಪಾಲಿಶ್ ಯಂತ್ರ ನಿಲ್ಲಿಸಿದ.

"ಮಾಲಕರೇ, ಬಾಯಿ ಸುಮ್ಮ ಕುಂತಾರ್ರೀ" ಎಂದ ಅಮೃತಪ್ಪನ ಕಿವಿಯಲ್ಲಿ. "ದವಾಖಾನಿಗಿ ಒಯ್ಯಮೇನು?"

"ನಲವತ್ತೊಂದು ಹೆಸರು" ಎಂದಳು ಶಿವಕಾಂತಮ್ಮ ಗೋಡೆಗೆ. "ನನ್ನ ಕೈಯಿಂದನೇ ಹೋದ್ವು."

ಗುರುವಾರ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಭೀಮಶ್ಯಾ ಬಂದ. ಕಲ್ಲು ನುಣ್ಣಗೆ, ಖಾಲಿಯಾಗಿ ಬಿದ್ದಿತ್ತು. ಅದರ ಮೇಲೆ ಒಂದು ಸಲ ಕೈಯಾಡಿಸಿ, ಏನೂ ಕೇಳದೆ ಸ್ಟೂಲ್ ಎಳೆದು ಕುಳಿತ.

"ಹೇಳ್ರಿ ನಿಮ್ಮ ಸುರೇಶಕುಮಾರಗ, ಗ್ರಾನೈಟ್ ಕೂಡಸು ಅಂತ" ಎಂದಳು ಆಕೆ. "ನನ್ನಿಂದ ಆಗಲಿಲ್ಲ."

"ಕೂಡಸ್ಲಿ ಬಿಡು. ಮೊದಲ ಏನಾಯ್ತು ಹೇಳು."

ಆಕೆ ಹೇಳಿದಳು. ಪೈಪಿನಿಂದ ಹಿಡಿದು ತಲೆ ಇಲ್ಲದ ಹೆಣದವರೆಗೆ. ನಡುವೆ ರಮೇಶಕುಮಾರನ ವಂಶದ ಬಗ್ಗೆ ಹೇಳಿದ್ದನ್ನು ಇಲ್ಲಿ ಬಿಟ್ಟಿದೆ. ಭೀಮಶ್ಯಾ ಕಂಪ್ಯೂಟರ್ ಮುಟ್ಟಿದವನಲ್ಲ. ಆದರೆ ಕೇಳಬೇಕಾದ್ದನ್ನು ಕೇಳಿದ.

"ಹಳೇ ಡಬ್ಬಿ, ಹೊಸಾ ಡಬ್ಬಿ, ಎರಡೂ ಒಂದೇ ನಮೂನಿ ಏಳ್ತಾವೇನು?"

"ಇಲ್ಲ. ಬಟನ್ ಒತ್ತಿದ ಕೂಡಲೇ ವಿಂಡೋಸಿಗಿಂತ ಮೊದಲು ಬೋರ್ಡಿನ ಮ್ಯಾಲಿಂದೇ ಒಂದು ಸಣ್ಣ ತಂತ್ರಾಂಶ ಏಳ್ತದ. ಅದು ವಿಂಡೋಸ್ ಎಲ್ಲದ ಅಂತ ಹುಡುಕಿ ಎಬ್ಬಸ್ತದ. ಹಳೇದಕ್ಕ ಬಯೋಸ್ ಅಂತಾರ, ಹೊಸದಕ್ಕ ಯುಇಎಫ್‌ಐ ಅಂತಾರ. ಹಳೇದು ಡಿಸ್ಕಿನ ಬಾಗಲದಾಗೇ ನೋಡ್ತಿತ್ತು. ಹೊಸದು ಎಲ್ಲಿ ನೋಡ್ತದೋ, ಆ ಶನಿಗೇ ಗೊತ್ತು."

ಭೀಮಶ್ಯಾ ತನ್ನ ಅಂಗೈ ನೋಡಿಕೊಂಡ. ಮೂವತ್ತೊಂದು ವರ್ಷ ಕಬ್ಬಿಣ ಎಳೆದ ಅಂಗೈ.

"ನಮ್ಮ ವಾಡಿ ಜಂಕ್ಷನ್ನಾಗ ಹಳೇ ಕ್ಯಾಬಿನ್ ಇತ್ತವ್ವಾ. ಆಳೆತ್ತರ ಲಿವರ್. ಒಂದೊಂದು ಎಳದ್ರ ದೂರದಾಗ ಹಳಿ ಸರೀತಿತ್ತು. ಆಮ್ಯಾಲ ಹೊಸಾ ಪ್ಯಾನಲ್ ರೂಮು ಬಂತು, ಗುಂಡಿ ಒತ್ತೋದು. ನಮ್ಮ ಕ್ಯಾಬಿನ್ ಮುಚ್ಚಿದ್ರು. ಲಿವರು, ಸರಳು, ತಂತಿ ಎಲ್ಲಾ ಗುಜರಿಗಿ ಹಾಕಿದ್ರು. ನಾ ಅವತ್ತು ಅತ್ತೀನಿ, ಸುಳ್ಳ ಯಾಕ ಹೇಳಲಿ."

"ಅದು ನನಗ್ಯಾಕ ಹೇಳ್ಲಿಕತ್ತೀರಿ?"

"ತಡಿ. ಲಿವರ್ ಗುಜರಿಗಿ ಹೋದ್ವು ಅಂತ ರೈಲು ನಿಂತ್ವೇನು? ಅದೇ ಎಂಜಿನ್, ಅದೇ ಹಳಿ, ಅದೇ ಮಂದಿ. ಹೊಸಾ ರೂಮಿಗಿ ಹೊಸಾ ನಕ್ಷಾ ಬರದ್ರು, ಯಾವ ಹಳಿ ಎಲ್ಲಿಗಿ ಹೋಗ್ತದಂತ. ಮುಗೀತು. ನಮ್ಮ ಹಳೇ ಲಿವರ್ ಒಂದನ್ನ ಹೊತ್ತು ಒಯ್ದು ಪ್ಯಾನಲ್ ರೂಮಿನ್ಯಾಗ ಇಟ್ಟಿದ್ರ, ಅದನ್ನ ಯಾವ ತೂತಿನ್ಯಾಗ ಹಾಕ್ತಿದ್ರು?"

ಶಿವಕಾಂತಮ್ಮ ಗೋಡೆಯಿಂದ ಕಣ್ಣು ಕಿತ್ತಳು. ಆಕೆಯ ಕುತ್ತಿಗೆಯ ನರ, ನಿನ್ನೆಯಿಂದ ಮಲಗಿದ್ದದ್ದು, ಎದ್ದು ಕುಳಿತಿತು.

"ಅಂದ್ರ..." ಎಂದಳು. "ಆ ನೂರು ಎಂಬಿ ಹಳೇ ಲಿವರು."

"ನನಗೇನ್ ಗೊತ್ತವ್ವಾ."

"ನಾ ಅದನ್ನ ಜೋಪಾನ ಮಾಡಿ ಇಟ್ಟಿದ್ರೂ ಈ ಹೊಸಾ ಡಬ್ಬಿ ಅದನ್ನ ಮೂಸಿ ಸುದ್ದಾ ನೋಡ್ತಿರಲಿಲ್ಲ. ಇದಕ್ಕ ಬೇಕಾದ ಸಣ್ಣ ಭಾಗನೇ ಬ್ಯಾರೆ. ಅದನ್ನ ಹೊಸದಾಗಿ ಮಾಡ್ಬೇಕು. ಹೆಣಕ್ಕ ತಲಿ ಇಲ್ಲಂತ ನಕ್ಕನಲ್ಲ ಆ ಭಾಡ್ಕಾವ್, ಅವನಿಗೇ..." ಆಕೆ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಖಾಜಾ! ಯಾಕ ಮಷೀನ್ ಬಂದ್ ಮಾಡೀದಿ? ನಿನ್ನ ಮದಿವೀ ಅದ ಏನು ಇವತ್ತು?"

ಖಾಜಾಮಿಯಾ ಆಕಾಶದ ಕಡೆ ಕೈ ಎತ್ತಿ ಕೃತಜ್ಞತೆ ಸಲ್ಲಿಸಿ ಯಂತ್ರ ಹಚ್ಚಿದ.

ಮೊಬೈಲಿನಲ್ಲಿ ಎರಡು ಗಂಟೆ ಹುಡುಕಿ, ಓದಿ, ಪರಭಾಷೆಯ ವಿಡಿಯೋಗಳನ್ನು ಗದರಿಸಿ ನಿಲ್ಲಿಸಿ ನಿಲ್ಲಿಸಿ ನೋಡಿ, ಆಕೆ ತನ್ನ ನೋಟುಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ಹದಿಮೂರು ಸಾಲು ಬರೆದುಕೊಂಡಳು. ಹೊಸ ಡಿಸ್ಕನ್ನು ಪೂರ್ತಿ ಒರೆಸಬೇಕು. ಅದನ್ನು ಭಾಗ ಮಾಡಲು ಹಳೆಯ ಮಾದರಿಯ ಗೆರೆ ಬಿಟ್ಟು ಹೊಸ ಮಾದರಿಯ ಗೆರೆ ಎಳೆಯಬೇಕು. ಮೊದಲು ಯುಇಎಫ್‌ಐ ಓದಬಲ್ಲ ಇನ್ನೂರ ಅರವತ್ತು ಎಂಬಿಯ ಒಂದು ಪುಟ್ಟ ಕೋಣೆ. ಅದರ ಹಿಂದೆ ತನ್ನ 'ಸಿ'. ಕೊನೆಗೆ ಒಂದೇ ಸಾಲಿನ ಆಜ್ಞೆ, ವಿಂಡೋಸ್ ಎಲ್ಲಿದೆ ಎಂಬ ನಕ್ಷೆಯನ್ನು ಆ ಕೋಣೆಯಲ್ಲಿ ಬರೆದಿಡಲು. ಫಾರ್ಮ್ಯಾಟ್ ಪಂಥದವರಿಗೆ ಇದು ತಿಳಿಯದ ವಿದ್ಯೆಯಲ್ಲ. ಇದಕ್ಕೆ ಅರ್ಧ ದಿನ ಬೇಕು, ಫಾರ್ಮ್ಯಾಟಿಗೆ ಇಪ್ಪತ್ತು ನಿಮಿಷ ಸಾಕು. ಅವರ ಶಾಸ್ತ್ರದ ತಿರುಳೆಲ್ಲ ಇಷ್ಟೇ.

ಮೊದಲ ಸಾಲಿನಲ್ಲೇ ಅಪಾಯ ಕುಳಿತಿತ್ತು. ಒರೆಸು ಎನ್ನುವ ಆಜ್ಞೆ ಯಾವ ಡಿಸ್ಕು ಎಂದು ನಂಬರಿನಿಂದ ಕೇಳುತ್ತದೆ. ಸೊನ್ನೆ ಹೊಸ ಡಿಸ್ಕು, ಒಂದು ಹೊರಡಿಸ್ಕು, ಅಂದರೆ ಭೂಮಂಡಲದಲ್ಲಿ ಉಳಿದಿದ್ದ ಒಂದೇ ವರ್ಣಮಾಲೆ. ಒಂದು ಅಂಕಿ ತಪ್ಪಿದರೆ ಗ್ರಾನೈಟಿನವರೇ ಗೆದ್ದರು. ಶಿವಕಾಂತಮ್ಮ ಹೊರಡಿಸ್ಕನ್ನೇ ಕಿತ್ತಳು. ಎಲ್ಲಿಡಬೇಕೆಂದು ಸುತ್ತ ನೋಡಿದಳು. ಒಂದು ಕಡೆ ನೀರು, ಒಂದು ಕಡೆ ಧೂಳು, ಒಂದು ಕಡೆ ಖಾಜಾಮಿಯಾ. ಗಂಡನ ಕೈಗೆ ಕೊಟ್ಟಳು.

"ಇದನ್ನ ಹಿಡ್ಕೊಂಡು ಕುಂದ್ರಿ. ನಾ ಕೇಳೋತನ ಏಳಬ್ಯಾಡ್ರಿ."

"ನನ್ನ ಕೈ ನಡಗ್ತಾವ" ಎಂದ ಅಮೃತಪ್ಪ.

"ನಡಗ್ಲಿ. ಬಿಡಬ್ಯಾಡ್ರಿ."

ಅಮೃತಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಡಿಸ್ಕನ್ನು ಸುತ್ತಿ, ಟವೆಲ್ಲನ್ನು ಹೊಟ್ಟೆಗೆ ಕಟ್ಟಿಕೊಂಡು, ಅದರ ಮೇಲೆ ಎರಡೂ ಕೈ ಇಟ್ಟು ಕುಳಿತ. ತುಂಬು ಬಸುರಿಯ ಹಾಗೆ ಕಾಣುತ್ತಿದ್ದ. ಭೀಮಶ್ಯಾ ನಕ್ಕ. ಅಮೃತಪ್ಪ ನಗಲಿಲ್ಲ, ಅವನಿಗೆ ತಾನು ಹೊತ್ತದ್ದು ಏನೆಂದು ಗೊತ್ತಿತ್ತು.

ಸಾಲು ಒಂದು, ಸಾಲು ಎರಡು. ಪ್ರತಿ ಸಾಲಿಗೂ ಶಿವಕಾಂತಮ್ಮ ಕೀಲಿಮಣೆಯನ್ನು ಉಳಿಯ ತಲೆ ಹೊಡೆದಂತೆ ಹೊಡೆದಳು. ಏಳನೆಯ ಸಾಲಿನ ಹೊತ್ತಿಗೆ ಡಿಸ್ಕನ್ನು ಟವೆಲ್ಲಿನಿಂದ ಬಿಚ್ಚಿ ತಂದು ಚುಚ್ಚಿದಳು. 'ಸಿ' ಇಳಿಯತೊಡಗಿತು. ಐವತ್ತು ನಿಮಿಷ. ಆ ಐವತ್ತು ನಿಮಿಷ ಆಕೆ ನಿಂತೇ ಇದ್ದಳು. ಕೊನೆಯ ಸಾಲು ಬರೆದು ಒತ್ತಿದಾಗ, ನಕ್ಷೆ ಸರಿಯಾಗಿ ಬರೆಯಲಾಯಿತು ಎಂದು ಪರದೆ ಹೇಳಿತು.

"ನೀ ಹೇಳಿದ್ದು ನಾ ನಂಬಂಗಿಲ್ಲ" ಎಂದು ಪರದೆಗೆ ಉತ್ತರ ಕೊಟ್ಟು ಕಂಪ್ಯೂಟರನ್ನು ಮತ್ತೆ ಎಬ್ಬಿಸಿದಳು.

ಕಪ್ಪು. ಕಪ್ಪು. ಆಮೇಲೆ ವಿಂಡೋಸಿನ ಗುರುತು, ಅದರ ಕೆಳಗೆ ತಿರುಗುವ ಚುಕ್ಕಿಗಳು. ಖಾಜಾಮಿಯಾ "ಯಾ ಅಲ್ಲಾ" ಅಂದ. ಅದನ್ನು ಕೇಳಿಯೇ ಏನೋ, ಇಡೀ ಪರದೆ ನೀಲಿಯಾಯಿತು, ಮೇಲೆ ಒಂದು ಅಳುಮುಖ, ಬೂಟ್ ಡಿಸ್ಕು ಸಿಗುತ್ತಿಲ್ಲ ಎಂಬ ದೂರು.

"ಹೋಯ್ತಾ?" ಎಂದ ಭೀಮಶ್ಯಾ.

"ಯಾಕ ಹೋಗ್ತದ? ನಿನ್ನೆ ಕರೀ ಪರದಾ ಇತ್ತು, ಇವತ್ತು ಅಳ್ಲಿಕತ್ತದ. ಅಳೋದು ಅಂದ್ರ ಜೀವ ಅದ ಅಂತ ಅರ್ಥ." ಹೊಸ ಡಿಸ್ಕಿನ ಜಾತಿಯೇ ಬೇರೆ, ಹಳೆಯ ವಿಂಡೋಸ್ ಅದನ್ನು ಕಂಡೇ ಇಲ್ಲ, ಒಂದು ಸಲ ಸೇಫ್ ಮೋಡ್‌ನಲ್ಲಿ ಎಬ್ಬಿಸಿದರೆ ಪರಿಚಯವಾಗುತ್ತದೆ ಎಂದು ಆಕೆ ನೋಟುಬುಕ್ಕಿನ ಅಂಚಿನಲ್ಲಿ ಬರೆದುಕೊಂಡಿದ್ದಳು. ಹಾಗೆ ಎಬ್ಬಿಸಿದಳು. ಎದ್ದಿತು. ಮತ್ತೆ ಮಾಮೂಲಿನಂತೆ ಎಬ್ಬಿಸಿದಳು. ಆಗಲೂ ಎದ್ದಿತು.

ಕೆತ್ತನೆಯ ತಂತ್ರಾಂಶ ತೆರೆದಳು. ಅಕ್ಷರಗಳ ಪೆಟ್ಟಿಗೆ ತೆರೆದಳು. ಚಿತ್ತಾಪುರದ ಬಾವಿಯ 'ಣ' ಹೊಟ್ಟೆ ಉಬ್ಬಿಸಿಕೊಂಡು ಕುಳಿತಿತ್ತು. ಅಮೃತಪ್ಪ ಎದ್ದು ಬಂದು ಪರದೆಗೆ ಮುಖ ಹತ್ತಿರ ತಂದು ನೋಡಿದ.

"ಇದರ ಬಾಲ ನಾ ಸ್ವಲ್ಪ ಉದ್ದ ಮಾಡೀನಿ" ಎಂದ. "ಅವತ್ತು ಬಿಸಲು ಭಾಳ ಇತ್ತು."

ಶಿವಕಾಂತಮ್ಮ ಮೂಗು ಒರೆಸಿಕೊಂಡು ಫೋನ್ ಎತ್ತಿದಳು. "ರಮೇಶಕುಮಾರ? ನಾ ಶಹಾಬಾದದಿಂದ. ಹೆಣ ಎದ್ದು ಕುಂತದ. ಚಹಾ ಕೇಳ್ಲಿಕತ್ತದ... ಏನು? ಇಲ್ಲ, ಫಾರ್ಮ್ಯಾಟ್ ಹೊಡದಿಲ್ಲ. ಹೆಂಗ ಮಾಡೀನಂತ ನಿನಗ್ಯಾಕ ಹೇಳಲಿ? ಹತ್ತು ಸಾವಿರ ಮಂದಿ ಮಷೀನ್ ಹಾಳ ಮಾಡೀದಿ, ಒಂದರ ಉಳಸೋದು ಕಲಿಯೋ ಮಗನ. ಕಲಬುರಗಿಂದ ಇಲ್ಲಿತನ ಬಂದು ಬಾಗಲದಾಗಿನ ನಾಯಿಗಿ ಸುದ್ದಾ ತೋರಿಸಿ ನಕ್ಕಿದ್ದಿ. ಈಗ ಆ ನಾಯಿ ನಗಲಿಕತ್ತದ, ಕೇಳ್ತಿ?" ಎಂದು ಫೋನನ್ನು ಬಾಗಿಲ ಕಡೆ ಹಿಡಿದಳು. ನಾಯಿ ಮಲಗಿತ್ತು. ಖಾಜಾಮಿಯಾ ಅದರ ಪರವಾಗಿ ಬೊಗಳಿದ.

ಶುಕ್ರವಾರ ನಸುಕಿನಿಂದ ಯಂತ್ರ ಕೆತ್ತಿತು. ಕರೆಂಟು ಎರಡು ಸಲ ಹೋಯಿತು. ಎರಡು ಸಲವೂ ವಿದ್ಯುತ್ ಕಚೇರಿಯವರು ಶಿವಕಾಂತಮ್ಮನ ದನಿ ಕೇಳಿದ ಮೇಲೆ ಬೇಗ ಬಂತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಹೆಸರು, ಹೊತ್ತು ಮುಳುಗುವಷ್ಟರಲ್ಲಿ ನಲವತ್ತೊಂದು. ಶನಿವಾರ ಕೊನೆಯ ಪಾಲಿಶ್ ಮುಗಿದ ಮೇಲೆ ಕಲ್ಲನ್ನು ಹುಲ್ಲಿನಲ್ಲಿ ಮಲಗಿಸಿ ಟೆಂಪೋ ವಾಡಿಗೆ ಹೊರಟಿತು. ಆಕೆ ಡ್ರೈವರನ ಪಕ್ಕ ಕುಳಿತು ದಾರಿಯ ಪ್ರತಿ ಗುಂಡಿಗೂ ಅವನನ್ನೇ ಹೊಣೆ ಮಾಡಿದಳು.

ವಿಹಾರದ ಮುಂದೆ ಸುರೇಶಕುಮಾರ ಗಡಿಯಾರ ನೋಡುತ್ತ ನಿಂತಿದ್ದ. ಅವನ ಹಿಂದೆ ಗ್ರಾನೈಟ್ ಗೋಡೆಗೆ ಒರಗಿತ್ತು, ಗಾರೆಯೂ ಕಲಸಿ ಇಟ್ಟಿತ್ತು.

"ಸಂಜಿತನ ಅಂತ ಠರಾವು" ಎಂದ. "ಈಗ ಸಂಜಿ ಆಗ್ಯಾದ."

ಶಿವಕಾಂತಮ್ಮ ಸೂರ್ಯನ ಕಡೆ ಬೆರಳು ಮಾಡಿದಳು. ಅದು ಸಿಮೆಂಟ್ ಫ್ಯಾಕ್ಟರಿಯ ಚಿಮಣಿಗಿಂತ ಇನ್ನೂ ಒಂದು ಆಳೆತ್ತರ ಮೇಲಿತ್ತು. "ಅದು ಮುಳಗ್ಯಾದೇನು? ಮುಳಗ್ಯಾದಂತ ಹೇಳು, ಇವರೆಲ್ಲಾ ಕೇಳ್ಲಿ."

ಸುರೇಶಕುಮಾರ ಸುತ್ತ ನೋಡಿದ. ನಲವತ್ತೊಂದು ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು, ಕಲ್ಲು ಹೊತ್ತು ಗಟ್ಟಿಯಾದ ಕತ್ತುಗಳು. ಅವನು ಸೂರ್ಯ ಮುಳುಗಿಲ್ಲವೆಂದು ಒಪ್ಪಿಕೊಂಡ. ಕಲಸಿದ ಗಾರೆ ಹಾಳಾಗಲಿಲ್ಲ, ಅದಕ್ಕೇ ಶಹಾಬಾದದ ಹಾಸು ಕೂತಿತು.

ಭೀಮಶ್ಯಾ ಒಂದೊಂದೇ ಹೆಸರು ಓದಿದ. ತಮ್ಮ ಹೆಸರು ಕೇಳಿದವರು ಬಂದು ಅದನ್ನು ಬೆರಳಿನಿಂದ ಮುಟ್ಟಿ ಹೋದರು. ಹಲವರಿಗೆ ಓದು ಬರುತ್ತಿರಲಿಲ್ಲ, ಬೆರಳು ತಗ್ಗಿನಲ್ಲಿ ಇಳಿದು ಹತ್ತುವುದನ್ನು ನೋಡಿ ನಕ್ಕರು. ಹದಿನೇಳನೆಯ ಹೆಸರು ಯಶೋಧರಾ. ಎಪ್ಪತ್ತು ದಾಟಿದ ಮುದುಕಿ, ಎಲ್ಲರಿಗಿಂತ ಹೆಚ್ಚು ದಿನ ಹೊತ್ತವಳು. ಆಕೆ ಬೆರಳಿಟ್ಟು ತನ್ನ ಹೆಸರನ್ನು ಅಳೆದಳು. ಆಮೇಲೆ ಪಕ್ಕದ ಹೆಸರನ್ನು ಅಳೆದಳು.

"ಇದು ಯಾರದು?"

"ದಾನಮ್ಮಂದು" ಎಂದ ಭೀಮಶ್ಯಾ.

"ದಾನಮ್ಮ ಎಂಟು ದಿನ ಹೊತ್ತಾಳ. ನಾ ಎರಡು ವರ್ಷ ಹೊತ್ತೀನಿ." ಮುದುಕಿ ಶಿವಕಾಂತಮ್ಮನ ಕಡೆ ತಿರುಗಿದಳು. "ಅಕಿ ಹೆಸರೂ ಇಷ್ಟೇ, ನನ್ನ ಹೆಸರೂ ಇಷ್ಟೇ? ಏನು ಕೆತ್ತೀಯವ್ವಾ ಇದು? ಕಣ್ಣು ಕಾಣ್ತಾವ ಇಲ್ಲ ನಿನಗ?"

ಶಿವಕಾಂತಮ್ಮ ಸೊಂಟಕ್ಕೆ ಕೈ ಇಟ್ಟಳು. ಆಕೆಯನ್ನು ಹೀಗೆ ಬೈದವರನ್ನು ಐದೂ ಊರಿನಲ್ಲಿ ಕಂಡವರಿಲ್ಲ.

"ಎಲ್ಲಾರಿಗೂ ಒಂದೇ ಅಳತಿ ಅಂತ ನಿಮ್ಮ ಓಣಿಯವರೇ ಹೇಳ್ಯಾರ" ಎಂದಳು. "ನಿನಗ ದೊಡ್ಡದು ಬೇಕಂದ್ರ ಇನ್ನೊಂದು ಗೋಡಿಗಿ ಕಲ್ಲು ಹೊರು. ಒಂದು ಮೊಳ ಕೆತ್ತತೀನಿ."

"ಹೊರತೀನಿ. ಅಲ್ಲಿತನ ನಿನ್ನ 'ಕಂಪೂಟ್ರು' ಬದುಕಿರ್ತದೇನು ಅದನ್ನ ಹೇಳು."

"ನೀ ಬದುಕಿದ್ರ ಅದೂ ಇರ್ತದ!"

"ನಾ ಎಲ್ಲಿಗಿ ಹೋಗ್ತೀನಿ? ನನ್ನ ಹೆಸರು ಗೋಡಿಯಾಗ ಅದ" ಎಂದಳು ಯಶೋಧರಾ. ಮತ್ತೆ ಕಲ್ಲಿನ ಕಡೆ ತಿರುಗಿ, ದಾನಮ್ಮನ ಹೆಸರಿಗಿಂತ ತನ್ನದು ಒಂದು ಕೂದಲೆಳೆಯಷ್ಟಾದರೂ ಉದ್ದವಿದೆಯೇನೋ ಎಂದು ಇನ್ನೊಮ್ಮೆ ಬೆರಳಿಟ್ಟು ಅಳೆಯತೊಡಗಿದಳು.